ಚಿತ್ರ ಹಂಚಿಕೆಯಲ್ಲಿ ವಿವೇಕ: ಒಂದು ಐತಿಹಾಸಿಕ ಅವಲೋಕನ

ಪರರ ಸೊತ್ತನ್ನು ಅವರ ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂಬುದು ಎಲ್ಲ ಸಮಾಜಗಳೂ ಅಂಗೀಕರಿಸಿರುವ ನೀತಿ. ಹೊಲ, ಮನೆ, ಹಣ, ಒಡವೆಗಳ ವಿಷಯದಲ್ಲಿ ಈ ನೀತಿಯನ್ನು ಅನ್ವಯಿಸುವುದು ಕಷ್ಟವಲ್ಲ. ಯಾವುದು ಯಾರದೆಂಬುದಕ್ಕೆ ಪತ್ರಗಳಿವೆ, ಸಾಕ್ಷಿಗಳಿರುತ್ತಾರೆ. ಆದರೆ ಮನುಷ್ಯನ ಮುಖದ ಪ್ರತಿಬಿಂಬ ಯಾರ ಸೊತ್ತು? ಚಿತ್ರವನ್ನು ತೆಗೆದವನದೋ, ಚಿತ್ರದಲ್ಲಿರುವವನದೋ, ಅಥವಾ ಅದನ್ನು ಬೆಲೆ ಕೊಟ್ಟು ಕೊಂಡವನದೋ? ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ.

ಇಂದು ಜೇಬಿನಲ್ಲಿ ಮೊಬೈಲ್ ಫೋನ್ ಇರುವ ಪ್ರತಿಯೊಬ್ಬನೂ ಛಾಯಾಗ್ರಾಹಕನೇ. ಮದುವೆ, ಜಾತ್ರೆ, ಶಾಲಾ ವಾರ್ಷಿಕೋತ್ಸವಗಳಲ್ಲಿ ತೆಗೆದ ಚಿತ್ರ ಅರೆಕ್ಷಣದಲ್ಲಿ ಊರು ದಾಟಿ, ದೇಶ ದಾಟಿ ಅಪರಿಚಿತರ ಕಣ್ಣೆದುರಿಗೆ ನಿಲ್ಲುತ್ತದೆ. ಇದರಿಂದ ಉಂಟಾಗುವ ಸಂತೋಷ ನಿಜವಾದದ್ದು, ಅದನ್ನು ಅಲ್ಲಗಳೆಯಬೇಕಾದುದಿಲ್ಲ. ಆದರೆ ಇದರೊಂದಿಗೆ ಬರುವ ಹೊಣೆಗಾರಿಕೆಯನ್ನು ಅರಿಯಬೇಕಾದರೆ ಸುಮಾರು ನೂರ ಎಪ್ಪತ್ತು ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಚಿತ್ರಗಳನ್ನು ಪರಸ್ಪರ ಹಂಚಿಕೊಳ್ಳುವ ಸಮುದಾಯಗಳು ಹುಟ್ಟಿದ್ದು ಆಗ. ಅಂದಿನಿಂದ ಇಂದಿನವರೆಗೆ ಒಂದೇ ತಪ್ಪು ಬೇರೆ ಬೇರೆ ವೇಷಗಳಲ್ಲಿ ಮರುಕಳಿಸಿದೆ: ಕ್ಯಾಮರಾದ ಹಿಂದೆ ನಿಂತವನ ಒಪ್ಪಿಗೆಯನ್ನೇ ಕ್ಯಾಮರಾದ ಮುಂದೆ ನಿಂತವನ ಒಪ್ಪಿಗೆಯೆಂದು ಭಾವಿಸಿದ್ದು.

ಸಂಘಗಳ ಕಾಲ

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಎಂಬಾತನ ವಿಧಾನ ಪ್ರಕಟವಾದಾಗ ಛಾಯಾಚಿತ್ರವೆಂದರೆ ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಮೂಡಿದ ಒಂದೇ ಒಂದು ಬಿಂಬ. ಅದಕ್ಕೆ ಪ್ರತಿಯಿರಲಿಲ್ಲ. ಯಾರಿಗಾದರೂ ಕೊಟ್ಟರೆ ಕೊಟ್ಟವನ ಬಳಿ ಏನೂ ಉಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ 1840ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನದಲ್ಲಾದರೋ ಮೊದಲು ಕಾಗದದ ಮೇಲೆ ನೆಗೆಟಿವ್ ಸಿದ್ಧವಾಗಿ, ಅದರಿಂದ ಬೇಕಾದಷ್ಟು ಪ್ರತಿಗಳನ್ನು ತೆಗೆಯುವುದು ಸಾಧ್ಯವಾಯಿತು. ಚಿತ್ರವನ್ನು ತನ್ನಲ್ಲಿ ಉಳಿಸಿಕೊಂಡೂ ಇನ್ನೊಬ್ಬರಿಗೆ ಕೊಡಬಹುದೆಂಬ ಸೌಲಭ್ಯ ಹುಟ್ಟಿದ್ದು ಅಂದಿನಿಂದ.

1853ರಲ್ಲಿ ಲಂಡನ್ನಿನಲ್ಲಿ ಛಾಯಾಗ್ರಾಹಕರ ಸಂಘ ಸ್ಥಾಪನೆಯಾಯಿತು. ಅದೇ ದಶಕದಲ್ಲಿ ಅಲ್ಲಿಯ ಹವ್ಯಾಸಿಗಳು ತಮ್ಮ ಚಿತ್ರಗಳ ಪ್ರತಿಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ವಿನಿಮಯ ಕೂಟಗಳನ್ನೂ ಕಟ್ಟಿಕೊಂಡರು. ಭಾರತವೂ ಹಿಂದುಳಿಯಲಿಲ್ಲ. 1854ರಲ್ಲಿ ಮುಂಬಯಿಯಲ್ಲಿಯೂ, 1856ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲಿಯೂ ಛಾಯಾಗ್ರಹಣ ಸಂಘಗಳು ಆರಂಭವಾದವು. ಮುಂಬಯಿ ಸಂಘದಲ್ಲಿ ಪ್ರಸಿದ್ಧ ವೈದ್ಯ ಹಾಗೂ ವಿದ್ವಾಂಸ ಡಾ. ಭಾವು ದಾಜಿ ಮತ್ತು ಅವರ ಸೋದರ ನಾರಾಯಣ ದಾಜಿ ಅವರಂತಹ ಭಾರತೀಯರೂ ಸದಸ್ಯರಾಗಿದ್ದರು. 1856ರ ಕೊನೆಯಿಂದ ಮುಂಬಯಿಯಲ್ಲಿ ಹವ್ಯಾಸಿಗಳ ಚಿತ್ರಗಳನ್ನೊಳಗೊಂಡ ಒಂದು ಮಾಸಿಕ ಸಂಪುಟವೂ ಹೊರಡತೊಡಗಿತು.

ಕನ್ನಡ ನಾಡಿಗೂ ಈ ಚರಿತ್ರೆಯಲ್ಲಿ ಸ್ಥಾನವಿದೆ. ಕಂಪನಿಯ ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರಗಳನ್ನು ತೆಗೆದು, 1855ರ ಮದರಾಸು ಪ್ರದರ್ಶನದಲ್ಲಿ ಅವುಗಳನ್ನು ಮುಂದಿಟ್ಟು ಮನ್ನಣೆ ಪಡೆದನು. ಆ ಚಿತ್ರಗಳನ್ನು ಹಂಚಿದ್ದರಿಂದ ಯಾರಿಗೂ ನೋವಾಗಲಿಲ್ಲ. ದೂರದವರಿಗೆ ಈ ನಾಡಿನ ಶಿಲ್ಪವೈಭವದ ಪರಿಚಯವಾಯಿತು.

ಈ ಸಂಘಗಳಲ್ಲಿ ಒಂದು ಸುರಕ್ಷತೆಯಿತ್ತು. ಕೊಡುವವನು ಪಡೆಯುವವನನ್ನು ಬಲ್ಲವನಾಗಿದ್ದನು. ಚಿತ್ರ ಹೋಗುತ್ತಿದ್ದುದು ಹೆಸರು ಗೊತ್ತಿದ್ದ, ಮುಖ ಗೊತ್ತಿದ್ದ ಸದಸ್ಯರ ಬಳಿಗೆ. ತಪ್ಪಾದರೆ ಕೇಳಬಹುದಿತ್ತು, ಕೇಳಿದರೆ ಉತ್ತರ ಬರುತ್ತಿತ್ತು. ಈ ವಲಯದ ಹೊರಕ್ಕೆ ಚಿತ್ರ ಹೋದಾಗ, ಅದರಲ್ಲಿಯೂ ಆ ಚಿತ್ರ ಜೀವಂತ ಮನುಷ್ಯನದಾಗಿದ್ದಾಗ, ಏನಾಗುತ್ತದೆಂಬುದನ್ನು ತಿಳಿಯಲು ಬಹುಕಾಲ ಬೇಕಾಗಲಿಲ್ಲ.

ನೆನಪಿನ ಕಾಣಿಕೆಯಿಂದ ಸರಕಾರಿ ದಾಖಲೆಗೆ

ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಮತ್ತು ಆತನ ಪತ್ನಿಗೆ ಭಾರತದ ಜನರ ಚಿತ್ರಗಳನ್ನು ಸಂಗ್ರಹಿಸಿ ಸ್ವದೇಶಕ್ಕೆ ನೆನಪಿನ ಕಾಣಿಕೆಯಾಗಿ ಒಯ್ಯಬೇಕೆಂಬ ಆಸೆಯಿತ್ತು. ಛಾಯಾಗ್ರಹಣದ ಹವ್ಯಾಸವಿದ್ದ ಅಧಿಕಾರಿಗಳು ತಮ್ಮ ಸಂಚಾರಗಳಲ್ಲಿ ತೆಗೆದ ಚಿತ್ರಗಳನ್ನು ಕಳುಹಿಸಿಕೊಡುವ ಏರ್ಪಾಡಾಯಿತು. 1857ರ ಸಂಗ್ರಾಮದ ನಂತರ ಈ ಖಾಸಗಿ ಸಂಗ್ರಹದ ಉದ್ದೇಶವೇ ಬದಲಾಯಿತು. ಆಳುವವರಿಗೆ ಆಳಿಸಿಕೊಳ್ಳುವವರ ಗುರುತು ಬೇಕೆನಿಸಿತು. ಸಂಗ್ರಹವು ಸರಕಾರಿ ಯೋಜನೆಯಾಯಿತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯ’ ಎಂಬ ಹೆಸರಿನಲ್ಲಿ, ಜಾನ್ ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಅವರ ಸಂಪಾದಕತ್ವದಲ್ಲಿ, ಎಂಟು ಸಂಪುಟಗಳು ಲಂಡನ್ನಿನಲ್ಲಿ ಪ್ರಕಟವಾದವು. ಅವುಗಳಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಛಾಯಾಚಿತ್ರಗಳಿದ್ದವು.

ಆ ಸಂಪುಟಗಳಲ್ಲಿ ಬಹುತೇಕ ಚಿತ್ರಗಳಿಗೆ ವ್ಯಕ್ತಿಯ ಹೆಸರಿಲ್ಲ. ಜಾತಿಯ, ಪಂಗಡದ, ಕಸುಬಿನ ಹೆಸರಿದೆ. ಕೆಳಗಿನ ಬರಹಗಳಲ್ಲಿ ಇಂಥವರು ನಂಬಲರ್ಹರು, ಇಂಥವರು ಕಳ್ಳರು, ಇಂಥವರು ಹಠಮಾರಿಗಳು ಎಂಬ ಧಾಟಿಯ ತೀರ್ಪುಗಳಿವೆ. ಕ್ಯಾಮರಾದ ಎದುರು ನಿಂತ ರೈತನಿಗೋ ನೇಕಾರನಿಗೋ ತನ್ನ ಮುಖದ ಕೆಳಗೆ ಇಂಥ ಮಾತು ಅಚ್ಚಾಗುವುದೆಂದು ಯಾರು ತಿಳಿಸಿದ್ದರು?

ಈ ಪುಸ್ತಕದ ಪರಿಣಾಮವನ್ನು ಕಣ್ಣಾರೆ ಕಂಡು ಬರೆದಿಟ್ಟವರು ಸರ್ ಸಯ್ಯದ್ ಅಹಮದ್ ಖಾನ್. 1869ರಲ್ಲಿ ಅವರು ತಮ್ಮ ಮಕ್ಕಳೊಡನೆ ಲಂಡನ್ನಿನಲ್ಲಿದ್ದಾಗ ಇಂಡಿಯ ಆಫೀಸಿನಲ್ಲಿ ಈ ಸಂಪುಟಗಳನ್ನು ನೋಡಿದರು. ಅಲ್ಲಿಗೆ ಬಂದ ಆಂಗ್ಲ ಯುವಕನೊಬ್ಬನು ಪುಟ ತಿರುವುತ್ತಿದ್ದ ಅವರ ಮಗ ಸಯ್ಯದ್ ಮಹಮೂದರನ್ನು ನೀವು ಹಿಂದುಸ್ತಾನದವರೇ ಎಂದು ಕೇಳಿದನು. ಹೌದೆಂದ ಆ ತರುಣನ ಮುಖ ಕೆಂಪೇರಿತು. ತಾನು ಆ ಚಿತ್ರಗಳಲ್ಲಿರುವ ಮೂಲನಿವಾಸಿಗಳ ವಂಶದವನಲ್ಲವೆಂದು ಅವಸರದಿಂದ ಹೇಳಿಕೊಳ್ಳಬೇಕಾಯಿತು. ತನ್ನ ನಾಡಿನವರನ್ನೇ ತನ್ನವರಲ್ಲವೆನ್ನುವ ಸ್ಥಿತಿಗೆ ಒಬ್ಬ ವಿದ್ಯಾವಂತನನ್ನು ತಂದದ್ದು ಅವಿವೇಕದಿಂದ ಹಂಚಿದ ಚಿತ್ರಗಳು ಮತ್ತು ಅವುಗಳ ಕೆಳಗಿನ ಅಡಿಬರಹಗಳು. ಚಿತ್ರ ಕೈಬದಲಾದಾಗ ಅದರ ಉದ್ದೇಶವೂ ಬದಲಾಗಬಹುದೆಂಬುದು ಈ ಪ್ರಸಂಗದ ಪಾಠ.

ಹಿಟ್ಟಿನ ಜಾಹೀರಾತಿನಲ್ಲಿ ಕಂಡ ಮುಖ

ಅಲ್ಲಿಯವರೆಗೆ ಛಾಯಾಗ್ರಹಣವು ಭಾರವಾದ ಸಲಕರಣೆ ಹಾಗೂ ರಾಸಾಯನಿಕಗಳ ಜ್ಞಾನವನ್ನು ಬೇಡುವ ವಿದ್ಯೆಯಾಗಿತ್ತು. 1888ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ‘ಕೊಡ್ಯಾಕ್’ ಕ್ಯಾಮರಾವನ್ನು ಮಾರುಕಟ್ಟೆಗೆ ತಂದನು. ಇಪ್ಪತ್ತೈದು ಡಾಲರ್ ಬೆಲೆಯ ಆ ಪೆಟ್ಟಿಗೆಯಲ್ಲಿ ನೂರು ಚಿತ್ರಗಳಿಗಾಗುವಷ್ಟು ಸುರುಳಿ ಮೊದಲೇ ತುಂಬಿರುತ್ತಿತ್ತು. ಮುಗಿದ ನಂತರ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳು ಸಿದ್ಧವಾಗಿ ಬರುತ್ತಿದ್ದವು. ಎದುರಿನವರು ಕುಳಿತು, ಸಿದ್ಧರಾಗಿ, ಒಪ್ಪಿ ತೆಗೆಸಿಕೊಳ್ಳುತ್ತಿದ್ದ ಚಿತ್ರದ ಜೊತೆಗೆ, ಅವರಿಗೆ ತಿಳಿಯದೆಯೇ ತೆಗೆದ ಚಿತ್ರವೂ ಈಗ ಸುಲಭಸಾಧ್ಯವಾಯಿತು.

1890ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ವಕೀಲರಾದ ಸ್ಯಾಮ್ಯುಯಲ್ ವಾರನ್ ಮತ್ತು ಲೂಯಿ ಬ್ರಾಂಡೀಸ್ ‘ಹಾರ್ವರ್ಡ್ ಲಾ ರಿವ್ಯೂ’ ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಕ್ಷಣಮಾತ್ರದಲ್ಲಿ ತೆಗೆಯಬಹುದಾದ ಛಾಯಾಚಿತ್ರಗಳು ಹಾಗೂ ಅವುಗಳನ್ನು ಎಗ್ಗಿಲ್ಲದೆ ಪ್ರಕಟಿಸುವ ಪತ್ರಿಕೆಗಳು ಮನೆಯ ಅಂತರಂಗವನ್ನು ಬೀದಿಗೆ ತರುತ್ತಿವೆಯೆಂದೂ, ಕಾನೂನು ಮನುಷ್ಯನ ಆಸ್ತಿಯನ್ನು ರಕ್ಷಿಸುವಂತೆ ಅವನ ಏಕಾಂತವನ್ನೂ ರಕ್ಷಿಸಬೇಕೆಂದೂ ಅವರು ವಾದಿಸಿದರು. ಆ ಕಾಲಕ್ಕೆ ಅದು ವಾದ ಮಾತ್ರವಾಗಿತ್ತು. ಪರೀಕ್ಷೆಗೆ ಹತ್ತು ವರ್ಷ ಕಾಯಬೇಕಾಯಿತು.

ಅದೇ ರಾಚೆಸ್ಟರಿನಲ್ಲಿ ಅಬಿಗೇಲ್ ರಾಬರ್ಸನ್ ಎಂಬ ತರುಣಿಯಿದ್ದಳು. ಕಾನೂನಿನ ದೃಷ್ಟಿಯಲ್ಲಿ ಇನ್ನೂ ಪ್ರಾಪ್ತವಯಸ್ಕಳಾಗಿರಲಿಲ್ಲ. ಆಕೆಯ ಒಂದು ಸುಂದರ ಭಾವಚಿತ್ರವನ್ನು ಗೋಧಿಹಿಟ್ಟಿನ ಕಂಪನಿಯೊಂದು ಆಕೆಗೆ ತಿಳಿಸದೆ, ಒಪ್ಪಿಗೆ ಪಡೆಯದೆ, ಜಾಹೀರಾತಿಗೆ ಬಳಸಿಕೊಂಡಿತು. ಸುಮಾರು 25,000 ಪ್ರತಿಗಳು ಅಚ್ಚಾಗಿ ಅಂಗಡಿ, ಗೋದಾಮು, ಮದ್ಯದಂಗಡಿಗಳ ಗೋಡೆಗಳನ್ನೇರಿದವು. ಪರಿಚಿತರ ಹಾಸ್ಯಕ್ಕೆ ಗುರಿಯಾದ ಆಕೆ ಹಾಸಿಗೆ ಹಿಡಿದಳೆಂದೂ, ವೈದ್ಯರನ್ನು ಕರೆಸಬೇಕಾಯಿತೆಂದೂ ದಾವೆಯಲ್ಲಿ ಹೇಳಲಾಗಿದೆ.

ಕೆಳಗಿನ ನ್ಯಾಯಾಲಯಗಳು ಆಕೆಯ ಪರವಾಗಿ ನಿಂತವು. ಆದರೆ 1902ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಅತ್ಯುನ್ನತ ನ್ಯಾಯಾಲಯವು ನಾಲ್ಕಕ್ಕೆ ಮೂರರ ಬಹುಮತದಿಂದ ದಾವೆಯನ್ನು ತಳ್ಳಿಹಾಕಿತು. ಚಿತ್ರದಲ್ಲಿ ಮಾನಹಾನಿಕರವಾದುದೇನೂ ಇಲ್ಲ, ಚಿತ್ರವಂತೂ ಚೆನ್ನಾಗಿಯೇ ಇದೆ, ಇಂಥ ಹಕ್ಕಿಗೆ ಕಾನೂನಿನಲ್ಲಿ ಆಧಾರವಿಲ್ಲ ಎಂಬುದು ತೀರ್ಪಿನ ಸಾರ. ತೀರ್ಪು ಬರೆದವನು ಮುಖ್ಯ ನ್ಯಾಯಾಧೀಶ ಆಲ್ಟನ್ ಪಾರ್ಕರ್. ಜನ ಇದನ್ನು ಒಪ್ಪಲಿಲ್ಲ. ಪತ್ರಿಕೆಗಳು ಟೀಕಿಸಿದವು. 1903ರಲ್ಲಿ ಅಲ್ಲಿಯ ಶಾಸನಸಭೆಯು, ವ್ಯಾಪಾರಕ್ಕಾಗಿ ಒಬ್ಬರ ಹೆಸರನ್ನಾಗಲಿ ಚಿತ್ರವನ್ನಾಗಲಿ ಅವರ ಲಿಖಿತ ಒಪ್ಪಿಗೆಯಿಲ್ಲದೆ ಬಳಸುವುದು ಅಪರಾಧವೆಂದು ಕಾನೂನು ಮಾಡಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. 1904ರಲ್ಲಿ ಪಾರ್ಕರನು ಅಮೆರಿಕದ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾದಾಗ ಪತ್ರಿಕಾ ಛಾಯಾಗ್ರಾಹಕರು ಅವನನ್ನೂ ಅವನ ಕುಟುಂಬದವರನ್ನೂ ಬೆನ್ನಟ್ಟಿದರು. ಅವನು ಬೇಸತ್ತು ಆಕ್ಷೇಪಿಸಿದನು. ಆಗ ಅಬಿಗೇಲ್ ರಾಬರ್ಸನ್ ಬಹಿರಂಗ ಪತ್ರವೊಂದನ್ನು ಬರೆದು, ಅಂಥ ಹಕ್ಕೇ ಇಲ್ಲವೆಂದು ತನ್ನ ಮೊಕದ್ದಮೆಯಲ್ಲಿ ತೀರ್ಪಿತ್ತವರು ತಾವೇ ಅಲ್ಲವೇ ಎಂದು ನೆನಪಿಸಿದಳು. ಪರರ ನೋವು ತನ್ನ ಮನೆಯ ಬಾಗಿಲಿಗೆ ಬಂದಾಗಲೇ ಅರ್ಥವಾಗುವುದು ಮನುಷ್ಯಸ್ವಭಾವವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಅಪರೂಪ.

ಅಂತರಜಾಲದ ಚಿತ್ರಶಾಲೆ

ಇದಾದ ನೂರು ವರ್ಷಗಳ ನಂತರ, 2004ರ ಫೆಬ್ರವರಿಯಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ಸ್ಟೂವರ್ಟ್ ಬಟರ್‌ಫೀಲ್ಡ್ ಮತ್ತು ಕ್ಯಾಟರೀನಾ ಫೇಕ್ ದಂಪತಿಗಳು ‘ಫ್ಲಿಕರ್’ ಎಂಬ ಅಂತರಜಾಲ ತಾಣವನ್ನು ತೆರೆದರು. ಅವರ ಸಂಸ್ಥೆ ಮೊದಲು ಕಟ್ಟಲು ಹೊರಟಿದ್ದು ಕಂಪ್ಯೂಟರಿನಲ್ಲಿ ಆಡುವ ಒಂದು ಆಟವನ್ನು. ಆ ಪ್ರಯತ್ನದ ಉಪಫಲವಾಗಿ ಈ ಚಿತ್ರಶಾಲೆ ಹುಟ್ಟಿತು. ಮರುವರ್ಷ ಯಾಹೂ ಕಂಪನಿ ಅದನ್ನು ಕೊಂಡುಕೊಂಡಿತು.

1850ರ ದಶಕದ ವಿನಿಮಯ ಕೂಟಗಳ ಗುಣ ಫ್ಲಿಕರಿನ ಮೊದಲ ವರ್ಷಗಳಲ್ಲಿ ಎದ್ದುಕಾಣುತ್ತಿತ್ತು. ಹಕ್ಕಿಗಳು, ಹಳೆಯ ಸೇತುವೆಗಳು, ಕಪ್ಪು ಬಿಳುಪು ಚಿತ್ರಗಳು ಎಂದು ಒಂದೊಂದು ಆಸಕ್ತಿಗೆ ಒಂದೊಂದು ಗುಂಪು. ಗುಂಪಿಗೆ ಹಿರಿಯರು, ನಿಯಮಗಳು. ಒಂದು ಚಿತ್ರವನ್ನು ಹಾಕಿದವನು ಇನ್ನಿಬ್ಬರ ಚಿತ್ರಗಳನ್ನು ನೋಡಿ ಅಭಿಪ್ರಾಯ ಬರೆಯಬೇಕೆಂಬ ಕಟ್ಟಳೆ ಅನೇಕ ಗುಂಪುಗಳಲ್ಲಿತ್ತು. ಕೊಡುವುದರ ಜೊತೆಗೆ ಗಮನಿಸುವುದೂ ಧರ್ಮವೆಂಬ ತಿಳಿವಳಿಕೆ ಅದರಲ್ಲಿದೆ. ಚಿತ್ರವನ್ನು ತಾನೊಬ್ಬನೇ, ಕುಟುಂಬದವರು, ಸ್ನೇಹಿತರು ಅಥವಾ ಎಲ್ಲರೂ ನೋಡಬಹುದೆಂದು ಗೆರೆ ಎಳೆಯುವ ಅನುಕೂಲವೂ ಇತ್ತು. ಆದರೆ ಬೇರೆ ಗುರುತು ಮಾಡದಿದ್ದರೆ ಚಿತ್ರ ಎಲ್ಲರಿಗೂ ತೆರೆದುಕೊಳ್ಳುತ್ತಿತ್ತು. ಬಹುಮಂದಿ ಗುರುತು ಮಾಡುವ ಗೋಜಿಗೆ ಹೋಗಲಿಲ್ಲ.

2004ರಲ್ಲಿಯೇ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಗಳೂ ಫ್ಲಿಕರಿಗೆ ಬಂದವು. 2002ರಲ್ಲಿ ಮೊದಲು ಹೊರಬಂದ ಈ ಪರವಾನಗಿಗಳ ಉದ್ದೇಶ ಉದಾರವಾದುದು. ಕೃತಿಕಾರನು ತನ್ನ ಹಕ್ಕುಗಳಲ್ಲಿ ಕೆಲವನ್ನು ಉಳಿಸಿಕೊಂಡು ಉಳಿದವನ್ನು ಲೋಕಕ್ಕೆ ಬಿಟ್ಟುಕೊಡುವ ಕ್ರಮವದು. ಹೆಸರು ಹೇಳಿದರೆ ಸಾಕು, ಯಾರು ಬೇಕಾದರೂ ಬಳಸಬಹುದೆಂಬುದು ಒಂದು ಬಗೆ. ವ್ಯಾಪಾರಕ್ಕೆ ಬಳಸಕೂಡದೆಂಬುದು ಇನ್ನೊಂದು. ಬದಲಾವಣೆ ಮಾಡಕೂಡದೆಂಬುದು ಮತ್ತೊಂದು. ಶಾಲೆಯ ಪಾಠಗಳಿಗೆ, ವಿಶ್ವಕೋಶಗಳಿಗೆ, ಬಡ ಪ್ರಕಾಶಕರಿಗೆ ಇದರಿಂದಾದ ಉಪಕಾರ ದೊಡ್ಡದು. ಆದರೆ ಈ ಪರವಾನಗಿಗೆ ಎರಡು ಲಕ್ಷಣಗಳಿವೆ. ಮೊದಲನೆಯದಾಗಿ, ಒಮ್ಮೆ ಕೊಟ್ಟದ್ದನ್ನು ಪಡೆದವನಿಂದ ಹಿಂದಕ್ಕೆ ಕೇಳಲಾಗದು. ಎರಡನೆಯದಾಗಿ, ಅದು ಬಿಟ್ಟುಕೊಡುವುದು ಚಿತ್ರ ತೆಗೆದವನ ಕೃತಿಸ್ವಾಮ್ಯವನ್ನು ಮಾತ್ರ. ಚಿತ್ರದಲ್ಲಿರುವ ವ್ಯಕ್ತಿಯ ಹಕ್ಕು ಅದರೊಳಗೆ ಸೇರಿಲ್ಲ. ಸೇರಿಸಲು ತೆಗೆದವನಿಗೆ ಅಧಿಕಾರವೂ ಇಲ್ಲ. ತನ್ನಲ್ಲಿ ಇನ್ನೊಬ್ಬರು ಇರಿಸಿದ ಠೇವಣಿಯನ್ನು ದಾನ ಮಾಡಿ ಯಾವ ವರ್ತಕನೂ ಪುಣ್ಯ ಗಳಿಸಲಾರನು.

ಬಸ್ ನಿಲ್ದಾಣದ ಗೋಡೆ

2007ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಯುವಕನೊಬ್ಬನು ಚರ್ಚಿನ ಯುವಜನರ ಕಾರ್ಯಕ್ರಮದಲ್ಲಿ ಹದಿಹರೆಯದ ಬಾಲಕಿಯೊಬ್ಬಳ ಚಿತ್ರ ತೆಗೆದನು. ಆಕೆ ನಗುತ್ತ ಬೆರಳುಗಳಿಂದ ಸಂಜ್ಞೆ ಮಾಡುತ್ತಿದ್ದಳು. ಸ್ನೇಹಿತರ ನಡುವೆ ತೆಗೆಯುವಂಥ ಸಾಧಾರಣ ಚಿತ್ರ. ಅವನು ಅದನ್ನು ಫ್ಲಿಕರಿನಲ್ಲಿ, ಹೆಸರು ಹೇಳಿದರೆ ಯಾರು ಬೇಕಾದರೂ ಬಳಸಬಹುದೆಂಬ ಪರವಾನಗಿಯೊಡನೆ ಹಾಕಿದನು. ಕೆಲವೇ ತಿಂಗಳಲ್ಲಿ ಆ ಮುಖ ಆಸ್ಟ್ರೇಲಿಯದ ಅಡಿಲೇಡ್ ನಗರದ ಬಸ್ ನಿಲ್ದಾಣದಲ್ಲಿ ವರ್ಜಿನ್ ಮೊಬೈಲ್ ಕಂಪನಿಯ ದೊಡ್ಡ ಜಾಹೀರಾತಾಗಿ ನಿಂತಿತು. ಪತ್ರಮಿತ್ರರನ್ನು ಬಿಟ್ಟುಬಿಡಿರೆಂಬ ಪರಿಹಾಸ್ಯದ ಘೋಷಣೆ ಅದರ ಮೇಲಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಚಿತ್ರದ ಮೂಲದ ವಿಳಾಸವನ್ನೂ ಕೊಡಲಾಗಿತ್ತು. ಅಂದರೆ ಪರವಾನಗಿಯ ಷರತ್ತನ್ನು ಕಂಪನಿ ಪಾಲಿಸಿತ್ತು.

ಆ ಜಾಹೀರಾತಿನ ಚಿತ್ರವನ್ನು ಯಾರೋ ತೆಗೆದು ಮತ್ತೆ ಫ್ಲಿಕರಿನಲ್ಲಿ ಹಾಕಿದ್ದರಿಂದ ಬಾಲಕಿಗೆ ವಿಷಯ ತಿಳಿಯಿತು. ಕುಟುಂಬದವರು ಟೆಕ್ಸಾಸಿನಲ್ಲಿ ದಾವೆ ಹೂಡಿದರು. ಮೊದಲಿಗೆ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯನ್ನೂ ಪ್ರತಿವಾದಿಯಾಗಿ ಸೇರಿಸಿ, ನಂತರ ಕೈಬಿಡಲಾಯಿತು. 2009ರ ಜನವರಿಯಲ್ಲಿ ನ್ಯಾಯಾಲಯವು ಆಸ್ಟ್ರೇಲಿಯದ ಕಂಪನಿಯ ಮೇಲೆ ತನಗೆ ಅಧಿಕಾರವ್ಯಾಪ್ತಿಯಿಲ್ಲವೆಂದು ದಾವೆಯನ್ನು ವಜಾ ಮಾಡಿತು. ಆಕೆಗೆ ಅನ್ಯಾಯವಾಯಿತೋ ಇಲ್ಲವೋ ಎಂಬ ಮೂಲಪ್ರಶ್ನೆಯನ್ನು ಯಾರೂ ವಿಚಾರಿಸಲೇ ಇಲ್ಲ.

ರಾಚೆಸ್ಟರಿನ ತರುಣಿಗೂ ಈ ಬಾಲಕಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮೊದಲನೆಯ ಪ್ರಸಂಗದಲ್ಲಿ ತಪ್ಪು ಲಾಭಕ್ಕಾಗಿ ನಡೆದದ್ದು. ಎರಡನೆಯದರಲ್ಲಿ ಚಿತ್ರ ಹಾಕಿದವನಿಗೆ ಲಾಭದ ಆಸೆಯಿರಲಿಲ್ಲ; ಕೆಡುಕಿನ ಉದ್ದೇಶವೂ ಇರಲಿಲ್ಲ. ಔದಾರ್ಯವೇ ಅಲ್ಲಿ ಅಜಾಗರೂಕತೆಯಾಯಿತು. ಇಂದಿನ ಬಹುಪಾಲು ತಪ್ಪುಗಳು ಈ ಎರಡನೆಯ ಬಗೆಯವು. ಆದುದರಿಂದಲೇ ಸಜ್ಜನರೂ ಇವುಗಳ ಬಗ್ಗೆ ಎಚ್ಚರವಾಗಿರಬೇಕು.

ಕಾನೂನು ಒಪ್ಪಿದ ಮೇಲೂ ಉಳಿಯುವ ಪ್ರಶ್ನೆ

2014ರ ನವೆಂಬರಿನಲ್ಲಿ ಯಾಹೂ ಕಂಪನಿಯು ಫ್ಲಿಕರಿನ ಚಿತ್ರಗಳನ್ನು ಗೋಡೆಗೆ ತೂಗುಹಾಕುವ ಪ್ರತಿಗಳಾಗಿ ಮುದ್ರಿಸಿ ಮಾರತೊಡಗಿತು. ಕೆಲವು ಆಯ್ದ ಛಾಯಾಗ್ರಾಹಕರಿಗೆ ಮಾರಾಟದ ಪಾಲು ಸಲ್ಲುತ್ತಿತ್ತು. ಆದರೆ ವ್ಯಾಪಾರಕ್ಕೆ ಅಡ್ಡಿಯಿಲ್ಲದ ಪರವಾನಗಿಯಿದ್ದ ಸುಮಾರು ಐದು ಕೋಟಿ ಚಿತ್ರಗಳ ವಿಷಯದಲ್ಲಿ ಪೂರ್ಣ ಲಾಭ ಕಂಪನಿಗೇ. ಇದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಪರವಾನಗಿಯೆಂದರೆ ಇದೇ ಅಲ್ಲವೇ ಎಂದು ಸಮಾಧಾನ ತಂದುಕೊಂಡವರೂ ಇದ್ದರು. ಆದರೆ ಲೋಕೋಪಯೋಗಕ್ಕೆಂದು ಕೊಟ್ಟದ್ದನ್ನು ತಮ್ಮನ್ನು ಒಂದು ಮಾತೂ ಕೇಳದೆ ಸರಕಾಗಿ ಮಾರಿದ್ದು ಅನೇಕರಿಗೆ ನೋವುಂಟುಮಾಡಿತು. ಮುಂದಿನ ತಿಂಗಳೇ ಕಂಪನಿ ಕ್ಷಮೆ ಕೇಳಿ ಆ ಮಾರಾಟವನ್ನು ನಿಲ್ಲಿಸಿತು. ಕರಾರಿನಂತೆ ನಡೆಯುವುದು ವ್ಯಾಪಾರದ ಕನಿಷ್ಠ ಧರ್ಮ. ವಿಶ್ವಾಸವನ್ನು ಉಳಿಸಿಕೊಳ್ಳಲು ಅದಕ್ಕಿಂತ ಹೆಚ್ಚಿನದು ಬೇಕಾಗುತ್ತದೆ.

ಅದೇ 2014ರಲ್ಲಿ ಯಾಹೂ ಇನ್ನೊಂದು ಕೆಲಸವನ್ನೂ ಮಾಡಿತ್ತು. ಸಂಶೋಧಕರ ಉಪಯೋಗಕ್ಕೆಂದು ಫ್ಲಿಕರಿನ ಸುಮಾರು ಹತ್ತು ಕೋಟಿ ಚಿತ್ರಗಳ ಮತ್ತು ಚಲಚ್ಚಿತ್ರಗಳ ಪಟ್ಟಿಯನ್ನು ಬಿಡುಗಡೆ ಮಾಡಿತ್ತು. ಆ ರಾಶಿಯಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮುಖಗಳನ್ನು ಹೆಕ್ಕಿ ‘ಮೆಗಾಫೇಸ್’ ಎಂಬ ಸಂಗ್ರಹವನ್ನು ಸಿದ್ಧಪಡಿಸಿದರು. ಸುಮಾರು 6,72,000 ಜನರ 47 ಲಕ್ಷದಷ್ಟು ಮುಖಚಿತ್ರಗಳು ಅದರಲ್ಲಿದ್ದವು. ಯಂತ್ರಗಳಿಗೆ ಮುಖ ಗುರುತಿಸುವ ವಿದ್ಯೆಯನ್ನು ಕಲಿಸಲು ಮತ್ತು ಪರೀಕ್ಷಿಸಲು ಇದನ್ನು ಜಗತ್ತಿನ ಅನೇಕ ಸಂಸ್ಥೆಗಳು ಬಳಸಿದವು. 2019ರ ಜನವರಿಯಲ್ಲಿ ಐಬಿಎಂ ಕಂಪನಿಯೂ ಅದೇ ಮೂಲದಿಂದ ಸುಮಾರು ಹತ್ತು ಲಕ್ಷ ಚಿತ್ರಗಳನ್ನು ಆಯ್ದು ಇಂಥ ಸಂಗ್ರಹವೊಂದನ್ನು ಹೊರತಂದಿತು. ಯಂತ್ರಗಳು ಮೈಬಣ್ಣ, ಲಿಂಗಗಳ ಭೇದದಿಂದ ತಪ್ಪು ಮಾಡದಂತೆ ತಿದ್ದಬೇಕೆಂಬ ಸದುದ್ದೇಶ ಅದಕ್ಕಿತ್ತು.

2019ರಲ್ಲಿ ಅಮೆರಿಕದ ಪತ್ರಿಕೆಗಳು ಈ ವಿಷಯವನ್ನು ಬಯಲಿಗೆ ತಂದಾಗ, 2005ರ ಸುಮಾರಿನಲ್ಲಿ ತಮ್ಮ ಪುಟ್ಟ ಮಕ್ಕಳ ಚಿತ್ರಗಳನ್ನು ಹಾಕಿ ಮರೆತೇಬಿಟ್ಟಿದ್ದ ತಂದೆತಾಯಿಗಳು ದಿಗ್ಭ್ರಮೆಗೊಂಡರು. ಅಜ್ಜಿಗೆ ತೋರಿಸಲೆಂದು ಹಾಕಿದ ಮಗುವಿನ ಮುಖ ಪೋಲಿಸು ಕ್ಯಾಮರಾಗಳ ವಿದ್ಯೆಗೆ ಪಾಠವಾಗಬಹುದೆಂದು ಆಗ ಯಾರೂ ಊಹಿಸಿರಲಿಲ್ಲ. ಆ ಮಕ್ಕಳು ಆ ವೇಳೆಗೆ ಬೆಳೆದು ದೊಡ್ಡವರಾಗಿದ್ದರು. ಅವರನ್ನು ಯಾವ ಹಂತದಲ್ಲಿಯೂ ಯಾರೂ ಕೇಳಿರಲಿಲ್ಲ. 2020ರಲ್ಲಿ ಮೆಗಾಫೇಸ್ ಹಂಚಿಕೆಯನ್ನು ನಿಲ್ಲಿಸಲಾಯಿತು. ಆದರೆ ಅಷ್ಟರಲ್ಲಿ ಪ್ರತಿಗಳು ಎಲ್ಲೆಲ್ಲಿಗೋ ಹೋಗಿದ್ದವು. ಕ್ಯಾನಿಂಗನ ಸ್ಮರಣಿಕೆ ಆಳುವವರ ಕೈಪಿಡಿಯಾದುದಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ಗುರುತಿಸದಿರರು.

ಚಿತ್ರಶಾಲೆಯ ಯಜಮಾನಿಕೆಯೂ ಸ್ಥಿರವಲ್ಲವೆಂಬುದನ್ನು ಇಲ್ಲಿ ಹೇಳಬೇಕು. 2017ರಲ್ಲಿ ಯಾಹೂವಿನೊಂದಿಗೆ ಫ್ಲಿಕರ್ ವೆರೈಜನ್ ಕಂಪನಿಯ ವಶವಾಯಿತು. 2018ರ ಏಪ್ರಿಲಿನಲ್ಲಿ ಸ್ಮಗ್‌ಮಗ್ ಎಂಬ ಸಂಸ್ಥೆ ಅದನ್ನು ಕೊಂಡಿತು. ಚಿತ್ರವನ್ನು ಒಬ್ಬನ ಮೇಲಿನ ವಿಶ್ವಾಸದಿಂದ ಒಪ್ಪಿಸಿದರೂ ಹತ್ತು ವರ್ಷಗಳ ನಂತರ ಬೀಗದ ಕೈ ಬೇರೆಯವರಲ್ಲಿರಬಹುದು.

ಹೆಸರು ಮರಳಿ ಬಂದ ಪ್ರಸಂಗ

ಇಷ್ಟನ್ನು ಓದಿ ಚಿತ್ರ ಹಂಚಿಕೆಯೇ ಕೆಟ್ಟದ್ದೆಂದು ತೀರ್ಮಾನಿಸಿದರೆ ಅದು ಅವಸರದ ಮಾತಾದೀತು. ಅದೇ ಫ್ಲಿಕರಿನಲ್ಲಿ ನಡೆದ ಇನ್ನೊಂದು ಕಾರ್ಯ ವಿವೇಕದ ಹಂಚಿಕೆಗೆ ಆದರ್ಶಪ್ರಾಯವಾಗಿದೆ. 2008ರ ಜನವರಿ 16ರಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸಂಗ್ರಹದ ಸುಮಾರು 3,000 ಹಳೆಯ ಚಿತ್ರಗಳನ್ನು ‘ದಿ ಕಾಮನ್ಸ್’ ಎಂಬ ವಿಭಾಗದಲ್ಲಿ ಸಾರ್ವಜನಿಕರ ಮುಂದಿರಿಸಿತು. ಅವುಗಳಲ್ಲಿ 1910ರ ದಶಕದ ವಾರ್ತಾಚಿತ್ರಗಳು ಹಲವು. ಅವುಗಳ ಗಾಜಿನ ನೆಗೆಟಿವುಗಳ ಮೇಲಿದ್ದ ಬರಹ ಬಹಳ ಚಿಕ್ಕದು; ಎಷ್ಟೋ ಕಡೆ ತಪ್ಪು, ಎಷ್ಟೋ ಕಡೆ ಅಪೂರ್ಣ. ಕೃತಿಸ್ವಾಮ್ಯದ ನಿರ್ಬಂಧ ಕಂಡುಬರದ ಚಿತ್ರಗಳನ್ನೇ ಆರಿಸಲಾಗಿತ್ತು. ಸಂಸ್ಥೆಯು ಓದುಗರಲ್ಲಿ ಕೇಳಿದ್ದು ಒಂದೇ: ಗೊತ್ತಿದ್ದರೆ ತಿಳಿಸಿರಿ.

ಜನ ಉತ್ಸಾಹದಿಂದ ಮುಂದೆ ಬಂದರು. ಹಳೆಯ ಪತ್ರಿಕೆಗಳನ್ನು ತಿರುವಿದರು, ಊರುಗಳನ್ನು ಗುರುತಿಸಿದರು, ಹೆಸರಿನ ಅಕ್ಷರಗಳನ್ನು ತಿದ್ದಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಕಟವಾದ ವರದಿಯ ಪ್ರಕಾರ, ಹೀಗೆ ಬಂದ ಮಾಹಿತಿಯನ್ನು ಪರಿಶೀಲಿಸಿ 500ಕ್ಕೂ ಹೆಚ್ಚು ಚಿತ್ರಗಳ ದಾಖಲೆಗಳನ್ನು ಗ್ರಂಥಾಲಯವು ತಿದ್ದಿಕೊಂಡಿತು. ‘ದಿ ಪೀಪಲ್ ಆಫ್ ಇಂಡಿಯ’ ಸಂಪುಟಗಳು ಮನುಷ್ಯನಿಂದ ಹೆಸರನ್ನು ಕಸಿದು ಪಂಗಡದ ಗುರುತು ಅಂಟಿಸಿದ್ದವು. ಇಲ್ಲಿ ಹೆಸರು ಕಳೆದುಕೊಂಡ ಮುಖಗಳಿಗೆ ಹೆಸರು ಮರಳಿತು. ಎರಡು ಕಡೆಯೂ ಚಿತ್ರಗಳು ಅಪರಿಚಿತರ ಕೈಗೆ ಹೋದವು; ವ್ಯತ್ಯಾಸ ಉಂಟಾದದ್ದು ಚಿತ್ರದಲ್ಲಿರುವವರ ಬಗೆಗಿನ ಆದರದಿಂದ.

ಕನ್ನಡ ನಾಡಿನ ನ್ಯಾಯಮೂರ್ತಿಯ ಮೊಕದ್ದಮೆ

ವಾರನ್ ಮತ್ತು ಬ್ರಾಂಡೀಸರು 1890ರಲ್ಲಿ ಎತ್ತಿದ ಪ್ರಶ್ನೆಗೆ ಭಾರತದಲ್ಲಿ ದೃಢವಾದ ಉತ್ತರ ದೊರೆತದ್ದು 2017ರಲ್ಲಿ. ಅದಕ್ಕೆ ಕಾರಣರಾದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2017ರ ಆಗಸ್ಟ್ 24ರಂದು ಪೀಠವು ಒಮ್ಮತದಿಂದ ಹೌದೆಂದಿತು. ಸಂವಿಧಾನದ 21ನೆಯ ವಿಧಿಯು ರಕ್ಷಿಸುವ ಜೀವ ಮತ್ತು ಸ್ವಾತಂತ್ರ್ಯಗಳಲ್ಲಿ ಖಾಸಗಿತನವೂ ಅಡಗಿದೆಯೆಂದು ಸಾರಿತು. ಆ ತೀರ್ಪಿನಲ್ಲಿ ಬಾಸ್ಟನ್ನಿನ ಆ ಇಬ್ಬರು ವಕೀಲರ ಪ್ರಬಂಧದ ಚರ್ಚೆಯೂ ಇದೆ. ಕೊಡ್ಯಾಕ್ ಪೆಟ್ಟಿಗೆಯ ಕಾಲದಲ್ಲಿ ಹುಟ್ಟಿದ ಚಿಂತನೆ ಕನ್ನಡ ನಾಡಿನ ಹಿರಿಯರೊಬ್ಬರ ದಿಟ್ಟತನದಿಂದ ಈ ದೇಶದ ಸಂವಿಧಾನದ ವ್ಯಾಖ್ಯಾನದಲ್ಲಿ ನೆಲೆಯೂರಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು.

ಆಚರಣೆಗೆ ಬರಬೇಕಾದುದು

ನ್ಯಾಯಾಲಯಗಳು ಅನ್ಯಾಯವಾದ ಮೇಲೆ ಬರುತ್ತವೆ. ಟೆಕ್ಸಾಸಿನ ಬಾಲಕಿಯ ಪ್ರಸಂಗದಲ್ಲಿ ಬರಲೂ ಇಲ್ಲ. ಆದುದರಿಂದ ಚಿತ್ರ ಹಂಚುವವನ ಸ್ವಂತ ವಿವೇಕವೇ ಮೊದಲ ರಕ್ಷಣೆ. ಮೇಲಿನ ಚರಿತ್ರೆಯಿಂದ ಹೊರಡುವ ನಿಯಮಗಳು ಸರಳವಾಗಿವೆ.

ಚಿತ್ರದಲ್ಲಿರುವವರನ್ನು ಮೊದಲು ಕೇಳಬೇಕು. ಚಿತ್ರ ತೆಗೆಯಲು ಒಪ್ಪಿದವರು ಅದನ್ನು ಹಂಚಲೂ ಒಪ್ಪಿದ್ದಾರೆಂದು ತಿಳಿಯಬಾರದು. ಇವು ಎರಡು ಬೇರೆ ಒಪ್ಪಿಗೆಗಳು. ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯ ಜೊತೆಗೆ, ಈ ಮಗು ಬೆಳೆದು ನಿಂತಾಗ ಇದನ್ನು ಮೆಚ್ಚೀತೇ ಎಂದೂ ಯೋಚಿಸಬೇಕು. ಕಷ್ಟದಲ್ಲಿರುವವರು, ರೋಗಿಗಳು, ಸಹಾಯ ಪಡೆಯುತ್ತಿರುವವರು ಬೇಡವೆನ್ನಲು ಸಂಕೋಚಪಡುತ್ತಾರೆ. ಅವರ ಮೌನವನ್ನು ಸಮ್ಮತಿಯೆಂದು ಎಣಿಸಲಾಗದು. ಅನ್ನದಾನ, ಬಟ್ಟೆ ವಿತರಣೆಗಳಲ್ಲಿ ಪಡೆಯುವವರ ಮುಖವನ್ನು ಲೋಕಕ್ಕೆ ತೋರಿಸುವ ಸಂಘಸಂಸ್ಥೆಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕಾಗಿದೆ.

ಎಷ್ಟು ಜನರಿಗೆ ತೋರಿಸಬೇಕೋ ಅಷ್ಟೇ ಜನರಿಗೆ ತೋರಿಸುವುದು ಲೇಸು. ಪರವಾನಗಿ ಕೊಡುವುದಾದರೆ ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಓದುವಂತೆ ಓದಿ ಕೊಡಬೇಕು. ಕೆರೆ, ಬೆಟ್ಟ, ಗುಡಿ, ಹೂವುಗಳ ಚಿತ್ರಕ್ಕೆ ತಕ್ಕ ಔದಾರ್ಯ ಮನುಷ್ಯಮುಖಕ್ಕೆ ತಕ್ಕದ್ದಾಗಿರಲಾರದು. ಸ್ಥಳದ ಗುರುತನ್ನೂ ಯೋಚಿಸಿ ಕೊಡಬೇಕು. ದಕ್ಷಿಣ ಆಫ್ರಿಕದ ಕೆಲವು ವನ್ಯಧಾಮಗಳು, ಕಳ್ಳಬೇಟೆಗಾರರಿಗೆ ದಾರಿ ತೋರಿಸಿದಂತಾದೀತೆಂದು, ಘೇಂಡಾಮೃಗದ ಚಿತ್ರಗಳಲ್ಲಿ ಸ್ಥಳದ ಗುರುತು ಬಿಡುವಂತೆ ಪ್ರವಾಸಿಗರನ್ನು ಕೋರಿವೆ. ಮೂಕಪ್ರಾಣಿ ತನ್ನ ಒಪ್ಪಿಗೆಯನ್ನೂ ನಿರಾಕರಣೆಯನ್ನೂ ಹೇಳಲಾರದು. ಅದರ ಪರವಾಗಿ ಚಿತ್ರ ತೆಗೆದವನೇ ಆಲೋಚಿಸಬೇಕು.

ಅಡಿಬರಹದಲ್ಲಿ ಸತ್ಯವೂ ಗೌರವವೂ ಇರಬೇಕು. ಇನ್ನೊಬ್ಬರು ತೆಗೆದ ಚಿತ್ರವನ್ನು ಬಳಸಿದರೆ ಅವರ ಹೆಸರು ಹೇಳಬೇಕು. ತೆಗೆದುಬಿಡಿರೆಂದು ಯಾರಾದರೂ ಕೇಳಿದರೆ, ಕಾರಣ ಕೇಳುತ್ತ ಕೂರದೆ ತೆಗೆದುಬಿಡುವುದು ಸೌಜನ್ಯ.

ಇವುಗಳಲ್ಲಿ ಯಾವುದೂ ಹೊಸ ನೀತಿಯಲ್ಲ. ನೆರೆಮನೆಯವರ ಪಾತ್ರೆಯನ್ನು ಎರವಲು ತಂದವರು ಅದನ್ನು ಹೇಗೆ ಬಳಸುತ್ತಾರೋ, ಎಷ್ಟು ಜೋಪಾನವಾಗಿ ಹಿಂದಿರುಗಿಸುತ್ತಾರೋ, ಅದೇ ನಡತೆ ಇಲ್ಲಿಯೂ ಸಾಕು. ‘ದಿ ಪೀಪಲ್ ಆಫ್ ಇಂಡಿಯ’ ಸಂಪುಟಗಳಲ್ಲಿ ಇಂದಿಗೂ ಹೆಸರಿಲ್ಲದೆ ನಿಂತಿರುವ ಆ ಸ್ತ್ರೀಪುರುಷರನ್ನು ಕೇಳುವ ಅವಕಾಶ ಈಗ ಯಾರಿಗೂ ಇಲ್ಲ. ಕೈಯಲ್ಲಿ ಕ್ಯಾಮರಾ ಹಿಡಿದವನ ಎದುರು ಈಗ ನಿಂತಿರುವವರನ್ನು ಕೇಳುವ ಅವಕಾಶವಾದರೋ ಇದೆ. ಅದಕ್ಕೆ ತಗಲುವುದು ಒಂದು ನಿಮಿಷ, ಒಂದು ಮಾತು.